ಸಿದ್ಧವಾದ ಕೈ, ಸಲ್ಲದ ಗೆಲುವು

ಜಪಾನೀಯರ ಮಾಹ್‌ಜಾಂಗ್ ಆಟವನ್ನು ಕುರಿತು ಮಾತನಾಡಲು ಸಾಹಿತ್ಯದ ಕಡೆಯಿಂದಲೇ ನನಗೊಂದು ನೆಪ ದೊರೆತಿದೆ. 1978ರಲ್ಲಿ ನಾವೋಕಿ ಬಹುಮಾನ ಪಡೆದ ಇರೋಕಾವಾ ತಾಕೆಹಿರೋ ಎಂಬ ಲೇಖಕರು, ಈ ಆಟದ ಕಥೆಗಳಿಗೆ ಆಸಾದಾ ತೆತ್ಸುಯಾ ಎಂಬ ಬೇರೊಂದು ಹೆಸರನ್ನಿಟ್ಟುಕೊಂಡಿದ್ದರು. 'ಬೆಳಗಾಯಿತು, ರಾತ್ರಿಯೆಲ್ಲ ಜಾಗರಣೆ' ಎಂಬುದು ಆ ಹೆಸರಿನಲ್ಲಡಗಿದ ಶ್ಲೇಷೆ. ಹಾಗೆ ನಿದ್ದೆಗೆಡಿಸುವಂಥದು ಈ ಆಟದಲ್ಲಿ ಏನಿದೆ?

ಆಡುವವರು ನಾಲ್ವರು, ಬಿಲ್ಲೆಗಳು 136, ಒಬ್ಬೊಬ್ಬರ ಕೈಯಲ್ಲಿ 13. ಒಂದನ್ನೆತ್ತಿ ಒಂದನ್ನೆಸೆಯುತ್ತ, ಮೂರು ಮೂರರ ನಾಲ್ಕು ಗುಂಪು ಮತ್ತು ಒಂದು ಜೋಡಿಯನ್ನು ಕೂಡಿಸುವುದು ಸಾಮಾನ್ಯ ಗುರಿ. ಇನ್ನೊಂದೇ ಬಿಲ್ಲೆ ಬಂದರೆ ಪೂರ್ಣ ಎಂಬ ಸ್ಥಿತಿಗೆ 'ತೆನ್ಪಾಯ್' ಎನ್ನುತ್ತಾರೆ. ನಮ್ಮಲ್ಲಿ ಸಿದ್ಧಹಸ್ತನೆಂದರೆ ಪಳಗಿದವನು. ಇಲ್ಲಿ ಸಿದ್ಧವಾಗಿರುವುದು ಕೈ ಮಾತ್ರ.

ಏಕೆಂದರೆ, ಆಕಾರ ಪೂರ್ಣವಾದರೆ ಸಾಲದು. ಅದರಲ್ಲಿ ಒಂದಾದರೂ 'ಯಾಕು' ಇರಬೇಕು. ಯಾಕು ಎಂದರೆ ಗೆಲುವಿಗೆ ಅರ್ಹತೆ ನೀಡುವ ಲಕ್ಷಣ. ಎರಡರಿಂದ ಎಂಟರವರೆಗಿನ ಅಂಕಿಗಳಿಂದಲೇ ಕೈ ಕಟ್ಟಿದರೆ ಒಂದು ಯಾಕು. ಕೆಂಪು ನಾಗನ ಬಿಲ್ಲೆಗಳು ಮೂರು ಕೂಡಿದರೆ ಮತ್ತೊಂದು. ಅವಸರದಿಂದ ಪರರು ಎಸೆದದ್ದನ್ನು ಕರೆದು ತೆಗೆದುಕೊಂಡವನು ಬೇಗ ಸಿದ್ಧನಾಗುತ್ತಾನೆ, ನಿಜ. ಆದರೆ ಕೈ ಬಯಲಾದುದರಿಂದ ಹಲವು ಯಾಕುಗಳು ಅವನಿಗೆ ಸಲ್ಲವು. ಬೇಕಾದ ಬಿಲ್ಲೆ ಕಣ್ಣೆದುರಿಗೇ ಬಿದ್ದರೂ ಅವನು ಸುಮ್ಮನಿರಬೇಕಾದೀತು.

ಕೈಯನ್ನು ಮುಚ್ಚಿಯೇ ಸಿದ್ಧಪಡಿಸಿದವನಿಗೆ ಬೇರೊಂದು ದಾರಿಯುಂಟು. 'ರೀಚಿ' ಎಂದು ಸಾರಿ, 1000 ಅಂಕಗಳ ಕಡ್ಡಿಯನ್ನು ಪಣವಾಗಿಟ್ಟರೆ, ಆ ಪ್ರತಿಜ್ಞೆಯೇ ಯಾಕು ಆಗುತ್ತದೆ. ಆಮೇಲೆ ಕೈಯ ರೂಪವನ್ನು ಬದಲಿಸುವಂತಿಲ್ಲ. ಅಪಾಯ ಕಂಡರೂ, ಗೆಲುವು ತಾರದ ಬಿಲ್ಲೆಯನ್ನು ಎಸೆಯಲೇಬೇಕು. ಬಡ ಕೈಗೂ ಗೆಲ್ಲುವ ಹಕ್ಕು ದೊರೆಯುವುದು ಹೀಗೆ, ಹಿಂದೆಗೆಯುವ ಸ್ವಾತಂತ್ರ್ಯವನ್ನು ತೆತ್ತು.

ಇನ್ನೂ ಕಠಿನವಾದ ನಿಯಮ 'ಫುರಿತೆನ್'. ನಾನು ಕಾಯುತ್ತಿರುವ ಬಿಲ್ಲೆಗಳಲ್ಲಿ ಒಂದನ್ನಾದರೂ ಹಿಂದೆ ನಾನೇ ಎಸೆದಿದ್ದರೆ, ಇತರರು ಎಸೆದದ್ದರಿಂದ ನಾನು ಗೆಲ್ಲಲಾರೆ. ಸ್ವತಃ ಎತ್ತಿಕೊಂಡರಷ್ಟೇ ಗೆಲುವು. ಎಸೆದದ್ದೆಲ್ಲ ಎಲ್ಲರ ಮುಂದೆ ಸಾಲಾಗಿ ಉಳಿದಿರುತ್ತದೆ, ಮರೆತೆನೆಂದರೆ ನಡೆಯದು.

ಯಾರೂ ಗೆಲ್ಲದೆ ಬಿಲ್ಲೆಗಳು ಮುಗಿದಾಗ, ಒಬ್ಬರೋ ಇಬ್ಬರೋ ಮೂವರೋ ಸಿದ್ಧರಾಗಿದ್ದರೆ, ಉಳಿದವರಿಂದ ಒಟ್ಟು 3000 ಅಂಕಗಳು ಅವರಿಗೆ ಸಲ್ಲುತ್ತವೆ. ಸಾಮಾನ್ಯ ನಿಯಮದಲ್ಲಿ ಯಾಕು ಇಲ್ಲದ ಸಿದ್ಧತೆಗೂ ಇದರಲ್ಲಿ ಪಾಲುಂಟು. ಈ ನ್ಯಾಯ ನನಗೆ ಮೆಚ್ಚಿಗೆಯಾಗಿದೆ. ದುಡಿದು ಕಾದವನನ್ನು ಆಟ ಬರಿಗೈಯಲ್ಲಿ ಕಳುಹಿಸುವುದಿಲ್ಲ. ಆದರೆ ಕಾದದ್ದನ್ನೇ ಗೆಲುವೆಂದು ಕರೆಯುವುದೂ ಇಲ್ಲ. ಛಂದಸ್ಸು ಕೂಡಿದ ಪದ್ಯವೆಲ್ಲ ಕಾವ್ಯವಲ್ಲವೆಂದು ಬಲ್ಲ ನಮಗೆ ಈ ಭೇದ ಅಪರಿಚಿತವೇನಲ್ಲ.