ಮೊಬೈಲ್ ಪ್ರಚಾರಕ್ಕೂ ಲೆಕ್ಕ ಬೇಕು



ಗೋಡೆಬರಹ, ಮೈಕು ಕಟ್ಟಿದ ಜೀಪು ಊರಿಗೆಲ್ಲ ಕಾಣುತ್ತವೆ. ಮೊಬೈಲಿನ ಜಾಹೀರಾತು ಹಾಗಲ್ಲ. ಈರುಳ್ಳಿ ಬೆಳೆದ ನಿಮಗೆ ಬೆಲೆ ಏರಿಸ್ತೀವಿ ಅಂತ, ಕೊಳ್ಳುವ ಪೇಟೆಯವರಿಗೆ ಇಳಿಸ್ತೀವಿ ಅಂತ ಒಂದೇ ಪಕ್ಷ ಒಂದೇ ದಿನ ಹೇಳಬಹುದು. ಇವರಿಗೆ ಹೇಳಿದ್ದು ಅವರಿಗೆ ಗೊತ್ತಾಗೋದಿಲ್ಲ.

ಕಾನೂನು ಇಲ್ಲವೆಂದಲ್ಲ. ಜಾಲತಾಣದ ಜಾಹೀರಾತಿಗೆ ಮೊದಲೇ ಒಪ್ಪಿಗೆ ಪಡೆಯಬೇಕು, ಖರ್ಚನ್ನು ಲೆಕ್ಕಕ್ಕೆ ಸೇರಿಸಬೇಕು ಎಂದು ಚುನಾವಣಾ ಆಯೋಗ 2013ರಲ್ಲೇ ಹೇಳಿದೆ. 2022ರಲ್ಲಿ ಕರ್ನಾಟಕದ ಅಭ್ಯರ್ಥಿಯ ಖರ್ಚಿನ ಮಿತಿಯನ್ನು ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ ಮಾಡಿದರು.

ಆದರೆ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ! ಅಭ್ಯರ್ಥಿಯ ಹೆಸರು, ಫೋಟೋ ಇಲ್ಲದ ಜಾಹೀರಾತು ಪಕ್ಷದ ಲೆಕ್ಕಕ್ಕೆ ಹೋಗುತ್ತೆ. ಲೋಕಸಭೆ ಚುನಾವಣೆ ಮುಗಿದ ಮೇಲೆ ಪಕ್ಷಕ್ಕೆ ಲೆಕ್ಕ ಕೊಡಲು 90 ದಿನ ಅವಕಾಶ. ಮಾಲು ಲಾರಿ ಹತ್ತಿ ಹೋದ ಮೇಲೆ ತಕ್ಕಡಿ ಹಿಡಿದ ಹಾಗಲ್ಲವೇ ಇದು?

ಕೋಟಿ ಸುರಿದವರು ಗೆದ್ದ ಮೇಲೆ ದುಡ್ಡು ಕೊಟ್ಟವರ ಮಾತು ಕೇಳ್ತಾರೋ, ಬೆಂಬಲ ಬೆಲೆ ಕೇಳುವ ನಿಮ್ಮ ಮಾತು ಕೇಳ್ತಾರೋ, ನೀವೇ ಯೋಚಿಸಿ.

ಪಕ್ಷಕ್ಕೂ ಮಿತಿ ಬರಲಿ. ದುಡ್ಡು ಕೊಟ್ಟವರ ಹೆಸರು, ಮೊತ್ತ ಜಾಹೀರಾತಿನಲ್ಲೇ ಇರಲಿ. ಲೆಕ್ಕ ಮತದಾನಕ್ಕೆ ಮುಂಚೆ ಬಯಲಾಗಲಿ. ಓಟು ಕೇಳಲು ಬಂದವರನ್ನು ಅರಳಿಕಟ್ಟೆ ಮೇಲೆ ಕೂರಿಸಿ, ಈ ಮೂರಕ್ಕೂ ಉತ್ತರ ಕೇಳಿ.