ಏಳು ಡಾಲರಿನ ಕಾಣಿಕೆ



ಈ ಶುಭ ಸಂದರ್ಭದಲ್ಲಿ ದಾನಧರ್ಮವನ್ನು ಕುರಿತು ಎರಡು ಮಾತನಾಡಬೇಕೆಂದು ನನಗೆ ಆಜ್ಞೆಯಾಗಿದೆ. ಹಸಿದವನಿಗೆ ಅನ್ನವಿಕ್ಕುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮದ್ದೇ ಇಲ್ಲದ ರೋಗಕ್ಕೆ ಮದ್ದು ಹುಡುಕಲೆಂದು, ಫಲ ದೊರೆಯುವುದೋ ಇಲ್ಲವೋ ಎಂದು ತಿಳಿಯದೆಯೇ, ಹಣ ಕೊಡುವುದೂ ದಾನವೇ ಎಂಬುದನ್ನು ನಾವು ಅಷ್ಟಾಗಿ ಆಲೋಚಿಸಿಲ್ಲ.

ನಟ ಡ್ಯಾನಿ ಥಾಮಸ್ ಲೆಬನಾನಿನಿಂದ ಅಮೆರಿಕಕ್ಕೆ ವಲಸೆಹೋದ ಕಥೋಲಿಕ ದಂಪತಿಗಳ ಮಗ. 1930ರ ದಶಕದಲ್ಲಿ ಡೆಟ್ರಾಯಿಟ್ ನಗರದಲ್ಲಿ ಆತನಿಗೆ ನಿಶ್ಚಿತ ಸಂಪಾದನೆಯಿರಲಿಲ್ಲ. ಮಡದಿ ಚೊಚ್ಚಲ ಬಸುರಿ. ಒಂದು ದಿನ ಬಲಿಪೂಜೆಯಲ್ಲಿ ಮನಸ್ಸು ಕರಗಿ, ಜೇಬಿನಲ್ಲಿ ಉಳಿದಿದ್ದ ಏಳು ಡಾಲರನ್ನೂ ಕಾಣಿಕೆಪೆಟ್ಟಿಗೆಗೆ ಹಾಕಿಬಿಟ್ಟನು. ಹಾಕಿದ ಮೇಲೆ ಹೆರಿಗೆಯ ಖರ್ಚು ನೆನಪಾಯಿತು! (ನಮಗಾದರೋ ಇಂಥವೆಲ್ಲ ಹಾಕುವ ಮೊದಲೇ ನೆನಪಾಗುತ್ತವೆ.) ಮರುದಿನ ಅದರ ಹತ್ತುಪಟ್ಟು ಸಂಬಳದ ಪುಟ್ಟ ಪಾತ್ರವೊಂದು ದೊರೆಯಿತೆಂದು ಆತ ಹೇಳುತ್ತಿದ್ದನು. ಮುಂದೆ, ಆಸೆಗೆಟ್ಟವರ ಪಾಲಕನಾದ ಪ್ರೇಷಿತ ಸಂತ ಯೂದ ತದ್ದೇಯನಿಗೆ, ದಾರಿ ತೋರಿದರೆ ಪುಣ್ಯಸ್ಥಳವೊಂದನ್ನು ಕಟ್ಟಿಸುವೆನೆಂದು ಹರಕೆ ಹೊತ್ತನು.

ಕೀರ್ತಿ ಬಂದ ಮೇಲೂ ಹರಕೆ ಮರೆಯಲಿಲ್ಲ. ಅದು ಮಕ್ಕಳ ಆಸ್ಪತ್ರೆಯ ರೂಪ ತಾಳಿತು. ಚಿಕಾಗೋದ ಕಾರ್ಡಿನಲ್ ಸ್ಯಾಮ್ಯುಯೆಲ್ ಸ್ಟ್ರಿಚ್ ಅವರ ಸಲಹೆಯಂತೆ ಮೆಂಫಿಸ್ ನಗರವನ್ನು ಆರಿಸಲಾಯಿತು. 1957ರಲ್ಲಿ ಅರಬ್ ಮೂಲದ ಅಮೆರಿಕನ್ನರು ಕೂಡಿ ನಿಧಿಸಂಗ್ರಹದ ಸಂಸ್ಥೆಯನ್ನು ಸ್ಥಾಪಿಸಿದರು. 1962ರ ಫೆಬ್ರವರಿ 4ರಂದು ಸಂತ ಯೂದನ ಹೆಸರಿನ ಆ ಸಂಶೋಧನಾ ಆಸ್ಪತ್ರೆ ಬಾಗಿಲು ತೆರೆಯಿತು. ವರ್ಣಭೇದವಿದ್ದ ಆ ಸೀಮೆಯಲ್ಲಿ ಕರಿಯ, ಬಿಳಿಯ ಮಕ್ಕಳಿಗೆ ಅಲ್ಲಿ ಒಂದೇ ಬಾಗಿಲು. ಚಿಕಿತ್ಸೆಗಾಗಿ ಯಾವ ತಂದೆತಾಯಿಯ ಕೈಗೂ ಬಿಲ್ಲು ಕೊಡುವುದಿಲ್ಲವೆಂಬ ನಿಯಮ ಇಂದಿಗೂ ನಡೆದುಬಂದಿದೆ.

ಅಂದು ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ತಗುಲಿದ ನೂರು ಮಕ್ಕಳಲ್ಲಿ ಬದುಕುಳಿಯುತ್ತಿದ್ದವರು ಸುಮಾರು ನಾಲ್ವರು. ಔಷಧಗಳೇ ಇರಲಿಲ್ಲವೆಂದಲ್ಲ. ಭೀಮಾವರದಲ್ಲಿ ಜನಿಸಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡವು ಸಿದ್ಧಪಡಿಸಿದ ಅಮಿನೊಪ್ಟೆರಿನ್ನಿನಿಂದ ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ 1947-48ರಲ್ಲಿಯೇ ರೋಗವನ್ನು ಕೆಲಕಾಲ ಹಿಂದಕ್ಕೆ ತಳ್ಳಿದ್ದರು. ಆದರೆ ರೋಗ ಮರಳಿ ಬರುತ್ತಿತ್ತು, ಮಗು ತೀರಿಹೋಗುತ್ತಿತ್ತು.

ಮೆಂಫಿಸಿನ ಮೊದಲ ನಿರ್ದೇಶಕ ಡಾ. ಡೊನಾಲ್ಡ್ ಪಿಂಕೆಲ್ ಹಲವು ಔಷಧಗಳನ್ನು ಒಟ್ಟಿಗೆ ಪ್ರಯೋಗಿಸಿದರು. ರಕ್ತದಲ್ಲಿ ಅಳಿದರೂ ರೋಗದ ಕಣಗಳು ಔಷಧ ಸುಲಭವಾಗಿ ತಲುಪದ ಮಿದುಳಿನ ಪೊರೆಗಳಲ್ಲಿ ಅಡಗಿರುತ್ತಿದ್ದವು. ಅದಕ್ಕಾಗಿ ತಲೆಗೆ ವಿಕಿರಣವನ್ನೂ ಬೆನ್ನುಹುರಿಯ ದ್ರವಕ್ಕೆ ಮೆಥೊಟ್ರೆಕ್ಸೇಟನ್ನೂ ಕೊಟ್ಟರು. ಮೊದಲ ಕೆಲವು ಪ್ರಯೋಗಗಳಲ್ಲಿ ಹೆಚ್ಚಿನ ಮಕ್ಕಳು ಉಳಿಯಲಿಲ್ಲ. ಹಣ ಕೊಟ್ಟವರು ಆಗ ಕೈಬಿಟ್ಟಿದ್ದರೆ? 1960ರ ದಶಕದ ಕೊನೆಯಲ್ಲಿ ಕೈಗೊಂಡ ಐದನೆಯ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಗುಣಹೊಂದಿದರು.

ಅಷ್ಟಕ್ಕೇ ತೃಪ್ತರಾಗಲಿಲ್ಲ ಎಂಬುದೇ ನನಗೆ ಹೆಚ್ಚು ಮೆಚ್ಚುಗೆಯಾದ ಸಂಗತಿ. ಬದುಕಿದ ಮಕ್ಕಳ ಬೆಳವಣಿಗೆಗೂ ಕಲಿಕೆಗೂ ಆ ವಿಕಿರಣವೇ ಕುಂದು ತಂದದ್ದು ಕ್ರಮೇಣ ತಿಳಿಯಿತು. ಅದನ್ನು ಬಿಟ್ಟು ಗುಣಪಡಿಸುವ ಮಾರ್ಗ ಹುಡುಕಲು ಮತ್ತೆ ದಶಕಗಳು, ಮತ್ತೆ ಕಾಣಿಕೆಗಳು ಬೇಕಾದವು. 2009ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಈಗ ಅಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ. ಬಡ ದೇಶಗಳಲ್ಲಿ ಈ ಪ್ರಮಾಣ ಇನ್ನೂ ಕಡಿಮೆ. ತಡವಾಗಿ ಬರುವವರೂ, ಖರ್ಚಿಗಂಜಿ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸುವವರೂ ಅಲ್ಲಿ ಹೆಚ್ಚು.

1991ರಲ್ಲಿ ಡ್ಯಾನಿ ಥಾಮಸ್ ನಿಧನನಾದಾಗ ಆತನನ್ನು ಆಸ್ಪತ್ರೆಯ ಆವರಣದ ತೋಟದಲ್ಲಿಯೇ ಮಣ್ಣುಮಾಡಿದರು. ಇಂದು ಬೆಂಗಳೂರಿನಲ್ಲಿ ಈ ರೋಗದ ಮಗುವೊಂದನ್ನು ಮಲಗಿಸಿ ಬೆನ್ನಿಗೆ ಚುಚ್ಚುವ ಮದ್ದು ಅದೇ ಮೆಥೊಟ್ರೆಕ್ಸೇಟ್.