ನೆನಪಿನಿಂದ ಬರೆದ ಊರು



ಚುಂಚನಕಟ್ಟೆಯ ಕೋದಂಡರಾಮನ ಗುಡಿಯನ್ನು ನೋಡಿದವರಿಗೆ ಅಲ್ಲಿಯ ಒಂದು ವಿಶೇಷ ಗೊತ್ತಿರುತ್ತದೆ. ಸೀತೆ ಅಲ್ಲಿ ರಾಮನ ಬಲಕ್ಕೆ ನಿಂತಿದ್ದಾಳೆ. ಹೊರಗೆ ಕಾವೇರಿ ಬಂಡೆಗಳ ಮೇಲಿಂದ ಧುಮುಕುವ ಭೋರ್ಗರೆತ. ಗರ್ಭಗುಡಿಯೊಳಗೆ ಆ ಸದ್ದು ಕೇಳಿಸುವುದೇ ಇಲ್ಲವೆಂದು ಪ್ರತೀತಿ. ಇನ್ನು ಊರಿನ ಹೆಸರೋ, ರಾಮನದಲ್ಲ. ಕಾಡಿನಲ್ಲಿ ಬಾಳುತ್ತಿದ್ದ ಚುಂಚ, ಚುಂಚಿ ಎಂಬ ದಂಪತಿಗಳದು. ವನವಾಸಕ್ಕೆ ಬಂದ ರಾಮ ಅವರ ಅತಿಥಿಯಾದ ಎನ್ನುತ್ತದೆ ಸ್ಥಳದ ಕತೆ. ದೊಡ್ಡ ದೇವರು ಬಂದು ನೆಲೆಸಿದರೂ ಹೆಸರು ಮಾತ್ರ ಮೊದಲಿದ್ದವರದೇ ಉಳಿಯಿತು.

ಇಂಥ ಸಂಗತಿಯನ್ನು ಕಂಡಾಗ ಸಮಾಜಶಾಸ್ತ್ರ ಓದಿದವನ ಬಾಯಿಗೆ ‘ಸಂಸ್ಕೃತೀಕರಣ’ ಎಂಬ ಮಾತು ತಾನಾಗಿ ಬರುತ್ತದೆ. ಕೆಳಗಿನದೆಂದು ಎಣಿಸಲ್ಪಟ್ಟ ಜಾತಿ ಅಥವಾ ಬುಡಕಟ್ಟು ಮೇಲಿನವರ ಆಚಾರ, ದೇವರು, ಊಟೋಪಚಾರಗಳನ್ನು ತನ್ನದಾಗಿಸಿಕೊಂಡು ಮೇಲೇರಲು ಯತ್ನಿಸುವ ಕ್ರಿಯೆ ಅದು. ಮೈಸೂರಿನ ಎಂ. ಎನ್. ಶ್ರೀನಿವಾಸರು ಕೊಡವರನ್ನು ಕುರಿತು ಬರೆದು 1952ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾದ ಗ್ರಂಥದಿಂದ ಈ ಮಾತು ಲೋಕಕ್ಕೆಲ್ಲ ಹರಡಿತು. ಚುಂಚನಕಟ್ಟೆಯಲ್ಲಿ ನಡೆದದ್ದು ಅದೇಯೋ, ಅದಕ್ಕೆ ತಿರುಗುಮುರುಗಾದದ್ದೋ ನಾನು ಹೇಳಲಾರೆ. ಪಂಡಿತರ ಮಾತೊಂದು ಕೈಗೆ ಸಿಕ್ಕಿತೆಂದು ಎಲ್ಲ ಬೀಗಕ್ಕೂ ಅದನ್ನೇ ಹಾಕಿ ತಿರುಗಿಸುವ ಚಪಲ ನನಗೂ ಒಂದು ಕಾಲದಲ್ಲಿತ್ತು. ಅದನ್ನು ಬಿಡಿಸಿದವರು ನನ್ನ ಸೋದರಮಾವ. ಇಂದಿನ ಮಾತು ಮುಖ್ಯವಾಗಿ ಆ ಪ್ರಸಂಗದ್ದು.

ಎಂಬತ್ತರ ದಶಕದ ಮೊದಲಲ್ಲಿ, ಸಂಕ್ರಾಂತಿಯ ಹೊತ್ತಿನ ಚುಂಚನಕಟ್ಟೆಯ ದನಗಳ ಜಾತ್ರೆಗೆ ಮಾವನ ಜೊತೆ ಹೋಗಿದ್ದೆ. ಹಳ್ಳಿಕಾರ್ ಎತ್ತುಗಳಿಗೆ ಹೆಸರಾದ ಜಾತ್ರೆ. ದೂರದ ಜಿಲ್ಲೆಗಳ ರೈತರೂ ಅಲ್ಲಿಗೆ ಬರುತ್ತಾರೆ. ಮಾವನಿಗೆ ಒಂದು ಜೊತೆ ಎತ್ತು ಬೇಕಿತ್ತು; ನನಗೆ ಓದಿ ಮುಗಿಸಬೇಕಾದ ಪುಸ್ತಕವೊಂದಿತ್ತು. ಅದು ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’, 1976ರಲ್ಲಿ ಅಚ್ಚಾದದ್ದು. ಗಾಡಿಯ ನೆರಳಲ್ಲಿ ಹುಲ್ಲಿನ ಹೊರೆಗೆ ಒರಗಿ ಓದುತ್ತಿದ್ದವನನ್ನು ಮಾವ ಕೇಳಿದರು:

“ಏನೋ ಅದು ಅಷ್ಟು ದಪ್ಪದ್ದು? ಎತ್ತಿನ ಹಲ್ಲು ನೋಡೋದು ಬಿಟ್ಟು ಅದನ್ನ ನೋಡ್ತಾ ಕೂತಿದೀಯಲ್ಲ?”

“ಒಂದು ಹಳ್ಳಿಯ ವಿಷಯ ಮಾವ. ನಮ್ಮ ಜಿಲ್ಲೆಯದೇ. ತಿರುಮಕೂಡಲು ನರಸೀಪುರದ ಕಡೆಯದು.”

“ಹಳ್ಳಿ ವಿಷಯ ಇಂಗ್ಲಿಷಿನಲ್ಲಿ ಯಾಕೆ?”

ಈ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ, ಇಂದೂ ಪೂರ್ತಿಯಾಗಿಲ್ಲ. ನಮ್ಮ ಸೀಮೆಯ ವಿದ್ವತ್ತು ಬಹುಕಾಲ ಹೀಗೆಯೇ ಸಾಗಿಬಂದಿದೆ. ಎಂ. ಹಿರಿಯಣ್ಣನವರು ಮೈಸೂರಿನ ತರಗತಿಗಳಲ್ಲಿ ಹೇಳಿದ ಭಾರತೀಯ ತತ್ತ್ವಶಾಸ್ತ್ರದ ಪಾಠ 1932ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾಗಿದ್ದ ಎಚ್. ವಿ. ನಂಜುಂಡಯ್ಯನವರ ಹೆಸರಿನ ಜೊತೆಗೆ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರನ್ನೂ ಹೊತ್ತು, ಮೈಸೂರು ಸೀಮೆಯ ಬುಡಕಟ್ಟು ಮತ್ತು ಜಾತಿಗಳ ನಾಲ್ಕು ಸಂಪುಟಗಳು ಹೊರಬಂದದ್ದೂ ಇಂಗ್ಲಿಷಿನಲ್ಲೇ. ಹೆಗ್ಗಡದೇವನಕೋಟೆಯ ಕಾಡಿನ ಜೇನುಕುರುಬ ತನ್ನ ವಿಷಯವಾಗಿ ಏನು ಬರೆದಿದ್ದಾರೆಂದು ತಿಳಿಯಬೇಕಾದರೆ ಮೊದಲು ಇಂಗ್ಲಿಷ್ ಕಲಿಯಬೇಕು.

ಮಾವನಿಗೆ ನಾನು ಪುಸ್ತಕದ ಹಿನ್ನೆಲೆ ಹೇಳಿದೆ. ಶ್ರೀನಿವಾಸರು ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ. 1948ರಲ್ಲಿ ಅವರು ಹೋಗಿ ನೆಲೆಸಿದ ಹಳ್ಳಿ ಕೊಡಗಹಳ್ಳಿ. ಪುಸ್ತಕದಲ್ಲಿ ಅದರ ಹೆಸರು ‘ರಾಂಪುರ’. ಊರ ಗೌಡರಿಗೆ ಸೇರಿದ ಎತ್ತಿನ ಮನೆಯಲ್ಲಿ ಅವರ ಬಿಡಾರ. ಅಲ್ಲಿ ತಿಂಗಳುಗಟ್ಟಲೆ ಇದ್ದು ಬರೆದುಕೊಂಡದ್ದನ್ನು ವರ್ಷಗಳ ಕಾಲ ಜೋಡಿಸಿ, ತಿದ್ದಿ, ಕೊನೆಗೆ ಗ್ರಂಥ ಬರೆಯಲೆಂದು ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಹೋದರು. 1970ರ ಏಪ್ರಿಲ್ 24ರಂದು ಯಾರೋ ಆ ಅಧ್ಯಯನ ಕೇಂದ್ರಕ್ಕೆ ಬೆಂಕಿಯಿಟ್ಟರು. ಸಿದ್ಧಪಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಒಂದೇ ಕೋಣೆಯಲ್ಲಿದ್ದುವು. ಆಗ ಸೋಲ್ ಟ್ಯಾಕ್ಸ್ ಎಂಬ ಹಿರಿಯ ಮಾನವಶಾಸ್ತ್ರಜ್ಞರು, ಟಿಪ್ಪಣಿಗಳ ಹಂಗಿಲ್ಲದೆ ನೆನಪಿನಿಂದಲೇ ಬರೆಯಬಹುದಲ್ಲ ಎಂದು ಸೂಚಿಸಿದರಂತೆ. ಹಾಗೆ ಬರೆದ ಪುಸ್ತಕ ಇದು.

ಮಾವ ಗಹನವಾದದ್ದನ್ನು ಕೇಳಿದವರಂತೆ ತೋರಲಿಲ್ಲ. “ಅದರಲ್ಲೇನು ಹೆಚ್ಚು?” ಎಂದವರೇ, ಅದೇ ಜಾತ್ರೆಯಲ್ಲಿ ತಾವು ಕೊಂಡ ಎತ್ತುಗಳ ಲೆಕ್ಕ ಹೇಳತೊಡಗಿದರು. ಯಾವ ವರ್ಷ, ಯಾವ ಊರಿನವನಿಂದ, ಎಷ್ಟು ರೂಪಾಯಿಗೆ, ಸುಳಿ ಎಲ್ಲಿತ್ತು, ದಲ್ಲಾಳಿ ಟವೆಲಿನ ಕೆಳಗೆ ಎಷ್ಟು ಬೆರಳು ಹಿಡಿದ. ಮೂವತ್ತು ವರ್ಷದ ಲೆಕ್ಕ, ಒಂದು ಚೀಟಿಯಿಲ್ಲದೆ. ನಾನು ಬೆರಗಾದೆ.

ಅನಂತರ ಕೆಲವು ಪುಟಗಳನ್ನು ಅಲ್ಲಿಯೇ ಕನ್ನಡಿಸುತ್ತ ಓದಿ ಹೇಳಿದೆ. ಸ್ನಾನ ಮಾಡಿದ ಮೇಲೆ ಕ್ಷೌರ ಮಾಡಿಕೊಳ್ಳುತ್ತಿದ್ದ ಈ ಓದಿದ ಬ್ರಾಹ್ಮಣನಿಗೆ, ಕ್ಷೌರ ಮೊದಲು, ಸ್ನಾನ ಆಮೇಲೆ ಎಂದು ಊರಿನವರು ಬುದ್ಧಿ ಹೇಳಿದ ಸಂಗತಿಗೆ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಳೆ ಬಾರದಾಗ ಹಿರಿಯರು ಬಸವನ ಗುಡಿಯಲ್ಲಿ ಹೂವಿನ ಪ್ರಸಾದ ಕೇಳಿ, ದೇವರು ತಡಮಾಡಿದಾಗ ಅವನನ್ನೇ ಗದರಿಸುವ ಭಾಗಕ್ಕೆ ಬಂದಾಗ ಮಾತ್ರ ನಗಲಿಲ್ಲ. “ಸರಿಯಾಗಿ ಬರೆದವ್ರೆ” ಎಂದರು. ಆ ಮೆಚ್ಚುಗೆ ಯಾವ ವಿಮರ್ಶಕನ ಮೆಚ್ಚುಗೆಗಿಂತಲೂ ದೊಡ್ಡದೆಂದು ನನಗೆ ತೋರಿತು.

ಶ್ರೀನಿವಾಸರು ಪ್ರಚಾರಕ್ಕೆ ತಂದ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನೂ ವಿವರಿಸಿದೆ. ಊರಿನಲ್ಲಿ ಸಂಖ್ಯೆಯಿಂದ ಹೆಚ್ಚಿದ್ದು, ಭೂಮಿಯನ್ನೂ ರಾಜಕೀಯ ಬಲವನ್ನೂ ಹೊಂದಿ, ಶಾಸ್ತ್ರದ ಮೇಲುಕೀಳು ಏನೇ ಹೇಳಲಿ, ವ್ಯವಹಾರದಲ್ಲಿ ತನ್ನ ಮಾತನ್ನೇ ನಡೆಸುವ ಜಾತಿ. ಮಾವ ಕೇಳಿ, “ಜನ, ಜಮೀನು, ಜೋರು. ಅಷ್ಟೇ ತಾನೆ?” ಎಂದರು. ಪಾಠ ಹೇಳುವಾಗ ನಾನು ಈ ಮೂರು ಮಾತನ್ನು ಎಷ್ಟೋ ವರ್ಷ ಸಾಲವಾಗಿ ಬಳಸಿದ್ದೇನೆ.

ಆದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಕೇಳಿದರು: “ಗೌಡರ ಎತ್ತಿನ ಮನೇಲಿ ಇದ್ರು ಅಂದೆಯಲ್ಲ, ಕೇರಿ ಕಡೆ ಹೋಗಿ ಎಷ್ಟು ದಿನ ಕೂತಿದ್ರು? ಗೌಡರ ಜಗುಲಿಯಿಂದ ನೋಡಿದ್ರೆ ಊರೆಲ್ಲ ಗೌಡರ ಊರೇ ಕಣಪ್ಪ.”

ಈ ಕೊರತೆಯನ್ನು ಶ್ರೀನಿವಾಸರು ಮುಚ್ಚಿಟ್ಟಿಲ್ಲ. ತಾವು ಊರನ್ನು ಕಂಡದ್ದು ಮೇಲುಜಾತಿಯವರ ಕಣ್ಣಿನಿಂದ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡದ್ದು ದೊಡ್ಡತನ, ಆದರೆ ಒಪ್ಪಿಗೆಯಿಂದ ಬಿಟ್ಟುಹೋದ ಅಧ್ಯಾಯ ಬರೆದಂತಾಗುವುದಿಲ್ಲ ಎಂಬುದೂ ನಿಜವೇ. ಓದುಬರಹ ಅಷ್ಟಾಗಿ ಇಲ್ಲದ ಮಾವ ಅರ್ಧ ಗಂಟೆಯಲ್ಲಿ ಕಂಡದ್ದನ್ನು ನಾನು ಮುನ್ನುಡಿ ಓದಿಯೂ ದಾಟಿಹೋಗಿದ್ದೆ.

ಹೊರಗಿನಿಂದ ಬಂದವರು ಇದಕ್ಕಿಂತ ಚೆನ್ನಾಗಿ ನೋಡಿಯಾರೆ? ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದರು. ಅವರ ಗ್ರಂಥ ಬಂದದ್ದು 1962ರಲ್ಲಿ. ನಾಲೆಯ ನೀರು ಬಂದ ಊರಿನಲ್ಲಿ ಕಬ್ಬು ಬೆಳೆಯಿತು, ಹಣ ಬಂತು, ಆದರೆ ಹಳೆಯ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ನಿಂತುವು. ನೀರು ಸಿಗದ ಪಕ್ಕದ ಊರಿನವರು ಹೊಟ್ಟೆಪಾಡಿಗೆ ಹೊರಗೆ ಹೊರಟು, ಹೊಸ ಕಸುಬು ಹಿಡಿದು, ಹೆಚ್ಚು ಬದಲಾದರು. ಚುಂಚನಕಟ್ಟೆಯ ಒಡ್ಡಿನ ನೀರನ್ನೂ ಆಮೇಲೆ ಬಂದ ಸಕ್ಕರೆ ಕಾರ್ಖಾನೆಯನ್ನೂ ಕಂಡ ನಮ್ಮ ಸೀಮೆಯವರು ಇದನ್ನು ಓದಿದರೆ ತಮ್ಮ ಊರನ್ನೇ ಕಂಡಂತಾದೀತು. ಆದರೆ ಆ ಊರುಗಳಿಗೂ ಕಲ್ಪಿತ ಹೆಸರು, ವಂಗಲ ಮತ್ತು ದಲೇನ. ಹೆಸರು ಮರೆಮಾಡುವುದು ಜನರ ಮಾನ ಕಾಯಲು ಎಂದು ಮಾವನಿಗೆ ಹೇಳಿದಾಗ ಅವರು ಒಪ್ಪಲಿಲ್ಲ. “ಒಳ್ಳೇದು ಬರೆದಿದ್ರೆ ಹೆಸರು ಯಾಕೆ ಮುಚ್ಚಬೇಕು? ಕೆಟ್ಟದ್ದು ಬರೆದಿದ್ರೆ ಊರಿನವರಿಗೆ ಗೊತ್ತಾಗಲ್ವ?”

ಸಂಜೆ ಎತ್ತು ಹೊಡೆದುಕೊಂಡು ಮನೆಗೆ ಬಂದೆವು. ಊಟದ ಹೊತ್ತಿನಲ್ಲಿ ನಾನು ಅತ್ತೆಯ ಮುಂದೆ ಮಾವನ ಜ್ಞಾಪಕಶಕ್ತಿಯನ್ನು ಕೊಂಡಾಡಿ, ಅವರು ಹೇಳಿದ ಎತ್ತುಗಳ ಪಟ್ಟಿಯನ್ನು ಒಪ್ಪಿಸಿದೆ. ಅತ್ತೆ ಮುದ್ದೆ ತಿರುವುತ್ತಿದ್ದ ಕೈ ನಿಲ್ಲಿಸಿ ಕೇಳಿದರು:

“ಎರಡನೇ ಜೊತೆಗೆ ದುಡ್ಡು ಎಲ್ಲಿಂದ ಬಂತು ಅಂತ ಹೇಳಿದ್ರಾ?”

ಹೇಳಿರಲಿಲ್ಲ. ಆ ದುಡ್ಡು ಅತ್ತೆಯ ತವರಿನ ಬಳೆ ಮಾರಿ ಬಂದದ್ದು. ಆ ವರ್ಷವೂ ಮಾವ ಹೇಳಿದ ವರ್ಷವಲ್ಲ. ದೊಡ್ಡ ಮಗಳು ಹೊಟ್ಟೆಯಲ್ಲಿದ್ದ ವರ್ಷ. ಮಾವ ತಲೆ ತಗ್ಗಿಸಿ, “ಹೌದು, ಅದು ಮರೆತೇಹೋಗಿತ್ತು” ಎಂದರು. ಸುಳ್ಳಲ್ಲ. ನಿಜವಾಗಿಯೂ ಮರೆತಿದ್ದರು.

ಶ್ರೀನಿವಾಸರು 1999ರಲ್ಲಿ ತೀರಿಕೊಂಡರು. ಅವರ ಪುಸ್ತಕವನ್ನು ಅಂದಿನಿಂದ ನಾಲ್ಕಾರು ಬಾರಿ ಓದಿದ್ದೇನೆ; ಪ್ರತಿಸಲವೂ ಹೆಂಗಸರ ಮಾತು ಬರುವ ಪುಟಗಳ ಬಳಿ ನಿಧಾನಿಸುತ್ತೇನೆ. ಆ ರಾತ್ರಿ ಊಟವಾದ ಮೇಲೆ ಅತ್ತೆ ದೀಪದ ಬಳಿ ಪುಸ್ತಕವನ್ನು ತಿರುವಿ ನೋಡಿ, ಅದನ್ನು ಹಿಂದಕ್ಕೆ ಕೊಡುತ್ತ, “ಇದನ್ನ ಆ ಊರಿನವರಿಗೆ ಯಾರಾದ್ರೂ ಓದಿ ಹೇಳಿದ್ರೇನಪ್ಪ?” ಎಂದು ಕೇಳಿದರು.